ಕಷ್ಟದಲ್ಲಿ ಬೆಳೆದ ಮಕ್ಕಳೆಲ್ಲರೂ ಮುಂದೆ ಕುಗ್ಗಿಹೋಗುತ್ತಾರೆಯೇ?

ಬಡತನ, ಮನೆಯ ಜಗಳ, ತಂದೆತಾಯಿಯರ ಕುಡಿತ ಇವುಗಳ ನಡುವೆ ಬೆಳೆದ ಮಗುವಿನ ಬದುಕು ಹಾಳಾಗುವುದು ಖಚಿತವೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ಸಹೋದ್ಯೋಗಿಗಳು ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ನಲವತ್ತನೆಯ ವಯಸ್ಸಿನವರೆಗೂ ಗಮನಿಸುತ್ತ ಬಂದರು. ಜಪಾನಿ, ಫಿಲಿಪಿನೊ, ಹವಾಯಿ ಮೂಲದ ಈ ಕುಟುಂಬಗಳಲ್ಲಿ ಅನೇಕವು ತೋಟದ ಕೂಲಿಯನ್ನೇ ನಂಬಿದ್ದವು.

ಎರಡು ವರ್ಷ ತುಂಬುವುದರೊಳಗೆ ಇಂಥ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಂಕಷ್ಟಗಳಿಗೆ ಸಿಲುಕಿದ್ದವರಲ್ಲಿ ಸುಮಾರು ಮೂರನೇ ಎರಡರಷ್ಟು ಮಕ್ಕಳು ಮುಂದೆ ಕಲಿಕೆ, ನಡವಳಿಕೆ ಅಥವಾ ಮಾನಸಿಕ ಆರೋಗ್ಯದ ತೊಂದರೆ ಅನುಭವಿಸಿದರು. ಆ ಹಾನಿಯನ್ನು ಹಗುರವಾಗಿ ಕಾಣಬಾರದು. ಆದರೆ ಉಳಿದ 72 ಮಕ್ಕಳು ಆತ್ಮವಿಶ್ವಾಸವುಳ್ಳ, ಇತರರ ಬಗ್ಗೆ ಕಾಳಜಿಯಿರುವ ವಯಸ್ಕರಾಗಿ ಬೆಳೆದರು. ಅವರ ಬಾಲ್ಯದಲ್ಲಿ ತಾಯಿ, ಅಜ್ಜಿ ಅಥವಾ ಅಕ್ಕ, ಹೀಗೆ ಎತ್ತಿ ಆಡಿಸಿ ಅಕ್ಕರೆ ತೋರುವ ಒಂದು ಜೀವವಾದರೂ ಜೊತೆಗಿತ್ತು. ಎಷ್ಟೋ ಮಕ್ಕಳಿಗೆ ಮನೆಯ ಹೊರಗೆ ಮೆಚ್ಚಿನ ಶಿಕ್ಷಕರ ಆಸರೆಯೂ ದೊರೆತಿತ್ತು. ಕಂಕುಳಲ್ಲಿ ತಮ್ಮನನ್ನೋ ತಂಗಿಯನ್ನೋ ಹೊತ್ತು ಸಂಭಾಳಿಸುವ ಹೊಣೆ ಕೂಡ, ಅದು ಅತಿಯಾಗದಿದ್ದಾಗ, ತಾನು ಬೇಕಾದವನು ಎಂಬ ಭಾವವನ್ನು ಮಗುವಿನಲ್ಲಿ ಬೆಳೆಸುತ್ತದೆ.

ನನ್ನ ಮಟ್ಟಿಗೆ ಇನ್ನೂ ಮುಖ್ಯವಾದ ಸಂಗತಿ ಬೇರೆಯೇ ಇದೆ: ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲಿ ಬಹುಪಾಲು ಜನ ಮೂವತ್ತು, ನಲವತ್ತರ ಹೊತ್ತಿಗೆ ಮುಂದುವರಿದ ಶಿಕ್ಷಣ, ಸೇನೆಯ ಉದ್ಯೋಗ ಅಥವಾ ನೆಮ್ಮದಿಯ ದಾಂಪತ್ಯದ ಮೂಲಕ ಚೇತರಿಸಿಕೊಂಡಿದ್ದರು.