ಹಳೇ ಐ3 ಡೆಸ್ಕ್‌ಟಾಪ್‌ಗೆ ಮೊದಲು ಎಸ್‌ಎಸ್‌ಡಿ ಹಾಕಿ

ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, ಆನ್ ಆಗೋಕೆ ಐದು ನಿಮಿಷ ಅಂದಿದ್ದೀರಿ, ಗ್ರಾಫಿಕ್ಸ್ ಕಾರ್ಡ್ ಹಾಕಲಾ ಅಂತ ಕೇಳಿದ್ದೀರಿ. ಕಾರಣ ಬಹುತೇಕ ಪ್ರೊಸೆಸರ್ ಅಲ್ಲ, ಹಾರ್ಡ್ ಡಿಸ್ಕ್. ಅದರ ಬದಲು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಬೇಕು. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಇದು ಸರಿಹೋಗಲ್ಲ, ಆ ಯೋಚನೆ ಬಿಡಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ಸುಮ್ನೆ ಇರುವಾಗಲೂ ಡಿಸ್ಕ್ 100% ತೋರಿಸುತ್ತಿದ್ದರೆ ರೋಗ ಸಿಕ್ಕಿತು. ಹಾಗೆ ತೋರಿಸದಿದ್ದರೆ ನನ್ನ ಊಹೆ ತಪ್ಪಿರಬಹುದು, ಆಗ ಖರ್ಚು ಮಾಡಬೇಡಿ.

ಫೋಟೊ, ಫೈಲುಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡಿ. ಆಮೇಲೆ 2.5 ಇಂಚಿನ ಸಾಟಾ (ಕೇಬಲ್ಲಿನಿಂದ ಜೋಡಿಸುವ) ಎಸ್‌ಎಸ್‌ಡಿ ತನ್ನಿ, 240 ಜಿಬಿ ಸಾಕು. ಎಂ.2 (ಬೋರ್ಡಿಗೇ ನೇರ ಸಿಕ್ಕಿಸುವ ಚಿಕ್ಕ ಎಸ್‌ಎಸ್‌ಡಿ) ಬೇಡ, ಅಷ್ಟು ಹಳೇ ಬೋರ್ಡಿನಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗವೇ ಇರಲ್ಲ. ಸಾಟಾ ಡೇಟಾ ಕೇಬಲ್ಲನ್ನೂ ಕೇಳಿ ತನ್ನಿ. ನಾನು ಅದನ್ನು ಮರೆತು ಬೆಂಗಳೂರಿನ ಕಂಪ್ಯೂಟರ್ ಬಜಾರು ಎಸ್‌ಪಿ ರೋಡಿಗೆ ಎರಡು ಸಲ ಹೋಗಿದ್ದೆ! ಎಚ್81ರಲ್ಲಿ 6 ಜಿಬಿಪಿಎಸ್ ವೇಗದ ಸಾಟಾ ಪೋರ್ಟ್ ಎರಡೇ. ಬೋರ್ಡಿನ ಮೇಲಿನ ಬರಹ ನೋಡಿ ಅದಕ್ಕೇ ಸಿಕ್ಕಿಸಿ.

ಹಳೇ ಡಿಸ್ಕಿನ ಕೇಬಲ್ ಕಳಚಿಟ್ಟು ವಿಂಡೋಸ್ 10 ಹೊಸದಾಗಿ ಹಾಕಿ. ವಿಂಡೋಸ್ ಕೀ (ಲೈಸೆನ್ಸ್ ಸಂಖ್ಯೆ) ಕೇಳಿದರೆ ‘ಇಲ್ಲ’ ಅನ್ನಿ. ಮೊದಲೇ ಆಕ್ಟಿವೇಟ್ ಆಗಿದ್ದ ಮಷಿನ್ ಆದರೆ, ಇಂಟರ್ನೆಟ್ ಸಿಕ್ಕ ಮೇಲೆ ಸಾಮಾನ್ಯವಾಗಿ ತಾನೇ ಆಗುತ್ತದೆ. ಆಮೇಲೆ ಹಳೇ ಡಿಸ್ಕ್ ಮತ್ತೆ ಜೋಡಿಸಿ, ಸಿನಿಮಾ ತುಂಬೋಕೆ ಆಯ್ತು.

ದುಡ್ಡು ಉಳಿದರೆ ಇನ್ನೊಂದು 4 ಜಿಬಿ ಡಿಡಿಆರ್3 ಡೆಸ್ಕ್‌ಟಾಪ್ ರ‍್ಯಾಮ್ ಹಾಕಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ವಾಪಸ್ ತಗೊಳ್ಳುವ ಅಂಗಡಿಯಲ್ಲಿ ಕೊಳ್ಳಿ.

ಒಂದು ವಿಷಯ: ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಪ್ರೊಸೆಸರ್ ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿಲ್ಲ. ಬರೀ ಬ್ರೌಸರ್, ಯೂಟ್ಯೂಬ್ ಆದರೆ ಅದೇ ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿನ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿ. ಲೆಕ್ಕಪತ್ರದ ಟ್ಯಾಲಿ ಬೇಕಿದ್ದರೆ ವಿಂಡೋಸ್‌ನಲ್ಲೇ ಇರಿ.