1,450 ಕಿಲೋ ಸಾಧ್ಯವೇ?

ಮಜ್ದಾದ ಸ್ಪೋರ್ಟ್ಸ್ ಕಾರು ಐಕಾನಿಕ್ ಎಸ್‌ಪಿ ಮಾರುಕಟ್ಟೆಗೆ ಬರುವಾಗಲೂ 1,450 ಕಿಲೋದಲ್ಲೇ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಅಂದಾಜು 1,500ರಿಂದ 1,550.

2023ರಲ್ಲಿ ಟೋಕಿಯೋದಲ್ಲಿ ಕಂಪನಿ 1,450 ಎಂದು ಹೇಳಿದ್ದು ಪರಿಕಲ್ಪನಾ ಕಾರಿಗೆ. ಪ್ರದರ್ಶನದ ಕಾರು ಅಪಘಾತ ಪರೀಕ್ಷೆಗೆ ಮೈಯೊಡ್ಡಬೇಕಿಲ್ಲ, ಮಳೆಯಲ್ಲಿ ಸೋರದಂತೆ ನೋಡಿಕೊಳ್ಳಬೇಕಿಲ್ಲ. ಆದರೂ ಆ ಅಂಕಿ ಬರೀ ಬಡಾಯಿಯಲ್ಲ. ಉದ್ದ 4,180 ಮಿಲಿಮೀಟರ್, ಎತ್ತರ 1,150 ಮಾತ್ರ. ಇಷ್ಟು ಪುಟ್ಟ ದೇಹದಲ್ಲಿ ಲೋಹವೇ ಕಡಿಮೆ. ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ತಿರುಗುವ ರೋಟರಿ ಎಂಜಿನ್‌ನ ಗಾತ್ರವೂ ಸಣ್ಣದು. ಮಜ್ದಾದ ಇನ್ನೊಂದು ಕಾರಾದ ಎಂಎಕ್ಸ್-30ರ ರೋಟರಿಯಲ್ಲಿ ಪಕ್ಕದ ಕವಚಗಳನ್ನು ಅಲ್ಯೂಮಿನಿಯಂಗೆ ಬದಲಿಸಿಯೇ 15 ಕಿಲೋಗೂ ಹೆಚ್ಚು ಉಳಿಸಿದ್ದರು.

ತೊಡಕಿರುವುದು ಬ್ಯಾಟರಿಯಲ್ಲಿ: ಚಕ್ರ ತಿರುಗಿಸುವುದು ವಿದ್ಯುತ್ ಮೋಟರ್, ರೋಟರಿ ಎಂಜಿನ್ ವಿದ್ಯುತ್ ಉತ್ಪಾದಿಸುತ್ತದೆ ಅಷ್ಟೇ. ಎಂಎಕ್ಸ್-30ರಲ್ಲಿ ಇದೇ ಬಗೆಯದಾದ ಆರ್-ಇವಿ ಮಾದರಿಯ ಬ್ಯಾಟರಿ 17.8 ಕಿಲೋವ್ಯಾಟ್-ಅವರ್‌ನದು, ಅದಕ್ಕೆ ಮೋಟರ್, ಜನರೇಟರ್, ಇಂಧನ ಟ್ಯಾಂಕ್ ಎಲ್ಲವೂ ಸೇರುತ್ತವೆ. ಐಕಾನಿಕ್‌ನಲ್ಲಿ ಎರಡು ರೋಟರ್, 370 ಅಶ್ವಶಕ್ತಿ. ಅಷ್ಟು ಶಕ್ತಿಯನ್ನು ಪೂರೈಸುವ ಬ್ಯಾಟರಿಯನ್ನು ತೀರಾ ಕಿರಿದಾಗಿಸಲು ಬರುವುದಿಲ್ಲ.

ಟೊಯೋಟಾ ಜಿಆರ್86ರ ಸುಮಾರು 1,270 ಕಿಲೋಗೆ ಹೋಲಿಸಿದ್ದೀರಲ್ಲ, ಅದು ನ್ಯಾಯವಲ್ಲ: ಅದರಲ್ಲಿರುವುದು ಪೆಟ್ರೋಲ್ ಎಂಜಿನ್ ಒಂದೇ. ತೂಕವೇ ನಿಮಗೆ ಮುಖ್ಯವಾದರೆ ಕಾಯುವುದನ್ನು ಬಿಟ್ಟು ಮಜ್ದಾದ್ದೇ ಹಗುರ ಸ್ಪೋರ್ಟ್ಸ್ ಕಾರು ಎಂಎಕ್ಸ್-5 ನೋಡಿ.