ನೀಲಗಿರಿ ಎಣ್ಣೆ ನಂಬಿ ಉಗಾಂಡಕ್ಕೆ ಹೋಗಬಹುದೇ?

ಪ್ರಶ್ನೆ: ಮಗ ಉಗಾಂಡದ ಕಂಪಾಲಾದಲ್ಲಿ ಕೆಲಸದಲ್ಲಿದ್ದಾನೆ. ನಾನು, ನಮ್ಮ ಯಜಮಾನರು, ಮಗಳು ಮತ್ತು ಅವಳ ಎರಡು ವರ್ಷದ ಮಗು ಅಲ್ಲಿಗೆ ಹೊರಟಿದ್ದೇವೆ. ಯಜಮಾನರಿಗೆ ಅರವತ್ತೈದು ದಾಟಿದೆ. ಸೊಳ್ಳೆಗೆ ರಾಸಾಯನಿಕ ಕ್ರೀಮು ಹಚ್ಚಲು ಮನಸ್ಸಿಲ್ಲದ ಕಾರಣ ನೀಲಗಿರಿ ಎಣ್ಣೆ ಹಾಗೂ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ ಒಯ್ಯೋಣವೆಂದುಕೊಂಡಿದ್ದೇವೆ. ಇಷ್ಟು ಸಾಕೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಸಾಲದು. ಈ ಎಣ್ಣೆಗಳ ವಾಸನೆಗೆ ಸೊಳ್ಳೆ ದೂರ ಸರಿಯುವುದು ನಿಜವಾದರೂ, ಅವು ಬೇಗ ಆವಿಯಾಗಿಹೋಗುವುದರಿಂದ ರಕ್ಷಣೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 2002ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಮಜ್ಜಿಗೆ ಹುಲ್ಲಿನ ಜಾತಿಯದೇ ಆದ ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆಯಿಂದ ತಯಾರಾದ ಲೇಪನಗಳು 20 ನಿಮಿಷವೂ ತಡೆಯಲಿಲ್ಲ, ಶೇ. 23.8ರಷ್ಟು ಡೀಟ್ (ಸೊಳ್ಳೆಯನ್ನು ದೂರವಿಡುವ ಒಂದು ರಾಸಾಯನಿಕ) ಇದ್ದ ಲೇಪನ ಸರಾಸರಿ ಐದು ಗಂಟೆ ಕಾಲ ತಡೆಯಿತು. ಮನೆಯ ಜಗಲಿಯಲ್ಲಿ ಕುಳಿತವರು ಗಳಿಗೆಗೊಮ್ಮೆ ಎದ್ದು ಎಣ್ಣೆ ಹಚ್ಚಿಕೊಳ್ಳಬಹುದು, ನಿದ್ರೆಯಲ್ಲಿರುವವರು ಹಚ್ಚಿಕೊಳ್ಳಲಾರರು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಮುಖ್ಯವಾಗಿ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಉಗಾಂಡದಲ್ಲಿ ಮಲೇರಿಯಾ ವರ್ಷವಿಡೀ ಇರುತ್ತದೆ, ಅದರಲ್ಲೂ ಜೀವಕ್ಕೆ ಎರವಾಗಬಲ್ಲ ಫಾಲ್ಸಿಪ್ಯಾರಮ್ ಬಗೆಯದೇ ಹೆಚ್ಚು.

ಸಸ್ಯಮೂಲದ್ದೇ ಬೇಕೆಂದರೆ ನೆಚ್ಚಬಹುದಾದದ್ದು ಒಂದಿದೆ; ಆದರೆ ಅದು ನೀವು ಹೇಳುವ ನೀಲಗಿರಿ ಎಣ್ಣೆಯಲ್ಲ. ನೆಗಡಿಯಾದಾಗ ಬಿಸಿನೀರಿಗೆ ಹಾಕಿ ಆವಿ ತೆಗೆದುಕೊಳ್ಳುವ ಎಣ್ಣೆಯಲ್ಲಿ ಮುಖ್ಯವಾಗಿರುವುದು ಸಿನಿಯೋಲ್. ನಿಂಬೆಯ ವಾಸನೆಯ ಇನ್ನೊಂದು ಬಗೆಯ ನೀಲಗಿರಿ ಮರದ ಎಲೆಯ ಎಣ್ಣೆಯಲ್ಲಿ ಸಿಟ್ರೊನೆಲ್ಲಾಲ್ ಹೇರಳವಾಗಿರುತ್ತದೆ, ಅದನ್ನು ಸಂಸ್ಕರಿಸಿದರೆ ಪಿಎಂಡಿ ಎಂಬ ಸಂಯುಕ್ತ ದೊರೆಯುತ್ತದೆ. ಇದು ಬೇಗ ಆರಿಹೋಗದೆ ನಾಲ್ಕಾರು ಗಂಟೆ ಚರ್ಮದ ಮೇಲೆ ಉಳಿಯುವುದರಿಂದಲೇ ಅಮೆರಿಕದ ಆರೋಗ್ಯ ಸಂಸ್ಥೆಯಾದ ಸಿಡಿಸಿ ತನ್ನ ಶಿಫಾರಸುಗಳ ಪಟ್ಟಿಯಲ್ಲಿ ರಾಸಾಯನಿಕ ನಿವಾರಕಗಳಾದ ಡೀಟ್, ಪಿಕಾರಿಡಿನ್‌ಗಳ ಜೊತೆಗೆ ಇದನ್ನೂ ಇಟ್ಟಿದೆ. ಸಂಸ್ಕರಿಸದ ನಿಂಬೆ ನೀಲಗಿರಿ ಎಣ್ಣೆಗೆ ಈ ಶಿಫಾರಸು ಅನ್ವಯಿಸುವುದಿಲ್ಲ. ಆದ್ದರಿಂದ ಸೀಸೆಯ ಮುಂಭಾಗದಲ್ಲಿರುವ ‘ಹರ್ಬಲ್’ ಎಂಬ ದೊಡ್ಡಕ್ಷರವನ್ನು ಬಿಟ್ಟು, ಹಿಂಭಾಗದ ಸಣ್ಣಕ್ಷರದಲ್ಲಿ ಪಿಎಂಡಿ ಎಂದಿದೆಯೇ, ಶೇಕಡಾ ಎಷ್ಟಿದೆ ಎಂಬುದನ್ನು ನೋಡಿ; ಶೇ. 30ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಕಾರ್ಖಾನೆಯಲ್ಲಿ ಸಂಸ್ಕರಣೆಯಾಗಿ ಬಂದ ಈ ಪದಾರ್ಥವನ್ನು ರಾಸಾಯನಿಕವಲ್ಲವೆಂದು ಹೇಗೆ ಹೇಳುವುದೋ ನನಗಂತೂ ತಿಳಿಯದು.

ಮೂರು ವರ್ಷದೊಳಗಿನ ಮಕ್ಕಳಿಗೆ ಪಿಎಂಡಿ ಹಚ್ಚಬಾರದು. ನಿಮ್ಮ ಮೊಮ್ಮಗುವಿಗೆ ಮಕ್ಕಳ ವೈದ್ಯರನ್ನು ಕೇಳಿ ಶೇ. 30ಕ್ಕೆ ಮೀರದ ಡೀಟ್ ಬಳಸುವುದೇ ಕ್ಷೇಮ. ಎರಡು ತಿಂಗಳು ತುಂಬಿದ ಕೂಸಿಗೂ ಇದಕ್ಕೆ ಅನುಮತಿಯಿದೆ. ಹಿರಿಯರು ಮೊದಲು ತಮ್ಮ ಅಂಗೈಗೆ ಹಾಕಿಕೊಂಡು ಮಗುವಿಗೆ ಸವರಬೇಕು. ಬಾಯಿಗೆ ಹೋಗುವ ಅದರ ಕೈಬೆರಳುಗಳಿಗೆ, ಕಣ್ಣು ಬಾಯಿಗಳ ಸುತ್ತ ಹಚ್ಚಬಾರದು. ದೊಡ್ಡವರು ಸಾಮಾನ್ಯವಾಗಿ ಮರೆಯುವ ಜಾಗಗಳೆಂದರೆ ಹಿಮ್ಮಡಿ, ಪಾದದ ಗಂಟು ಮತ್ತು ಕಿವಿಯ ಹಿಂಭಾಗ. ಸನ್‌ಸ್ಕ್ರೀನ್ ಹಚ್ಚುವುದಿದ್ದರೆ ಅದು ಮೊದಲು, ಸೊಳ್ಳೆಯ ಲೇಪನ ಅದರ ಮೇಲೆ.

ರಾತ್ರಿಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಲೇಪಿಸಿದ ಸೊಳ್ಳೆ ಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗಿ. ಗಿಡಮೂಲಿಕೆಯ ಅಭಿಮಾನಿಗಳಿಗೆ ಒಂದು ಮಾತು: ಪರ್ಮೆಥ್ರಿನ್ ಕೃತಕವಾದರೂ ಅದಕ್ಕೆ ಮಾದರಿಯಾದದ್ದು ಸೇವಂತಿಗೆಯ ಬಳಗದ ಹೂವಾದ ಪೈರೆಥ್ರಮ್; ಉಗಾಂಡದ ನೆರೆಯ ಕೀನ್ಯಾದಲ್ಲಿ ಅದರ ಬೆಳೆಯೇ ಇದೆ.

ಲೇಪನ, ಪರದೆ ಎರಡೂ ಇದ್ದರೂ ಮಲೇರಿಯಾ ತಡೆಯುವ ಮಾತ್ರೆ ತಪ್ಪಿಸಬೇಡಿ. ಯಾವುದು, ಎಷ್ಟು, ಹೊರಡುವ ಎಷ್ಟು ದಿನ ಮೊದಲು ಎಂಬುದನ್ನು ವೈದ್ಯರೇ ಹೇಳಬೇಕು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಹೋಗುವಾಗಲೂ ಭಾರತಕ್ಕೆ ಮರಳುವಾಗಲೂ ಬೇಕು. ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಅದು ಊರ್ಜಿತವಾಗುತ್ತದೆ. ಅರವತ್ತು ದಾಟಿದವರಿಗೆ ಈ ಲಸಿಕೆಯ ಅಡ್ಡಪರಿಣಾಮದ ಸಂಭವ ಸ್ವಲ್ಪ ಹೆಚ್ಚಾದ್ದರಿಂದ ಯಜಮಾನರ ವಿಚಾರವನ್ನು ಮುಂಚಿತವಾಗಿ ಚರ್ಚಿಸಿ. ಊರಿಗೆ ಬಂದ ಮೇಲೆ ಯಾರಿಗಾದರೂ ಜ್ವರ ಬಂದರೆ, ತಿಂಗಳುಗಳೇ ಕಳೆದಿದ್ದರೂ, ಉಗಾಂಡಕ್ಕೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಮಂಗನ ಕಾಯಿಲೆಯ ಕಾಲದಲ್ಲಿ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆಯನ್ನೇ ಅಂಡಮಾನ್ ಪ್ರವಾಸಕ್ಕೆ ಒಯ್ಯಬಹುದೇ? ಅದು ಗಿಡಮೂಲಿಕೆಯದೇ?
– ಓದುಗರು, ಕೊಪ್ಪ

ಉತ್ತರ: ಗಿಡಮೂಲಿಕೆಯದಲ್ಲ, ಡೀಪಾ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ರಾಸಾಯನಿಕ. ಮಂಗನ ಕಾಯಿಲೆ ಹರಡುವ ಉಣುಗಿನಂತೆ ಸೊಳ್ಳೆಯನ್ನೂ ಅದು ದೂರವಿಡುತ್ತದೆ. ಆದರೆ ಕಾಡಿಗೆ ಸೌದೆ, ದರಗೆಲೆಗೆಂದು ಹೋಗುವವರಿಗಾಗಿ ಇಲಾಖೆ ಕೊಟ್ಟದ್ದನ್ನು ಅವರಿಗೇ ಬಿಟ್ಟು, ಪ್ರವಾಸಕ್ಕೆ ಔಷಧಿ ಅಂಗಡಿಯಿಂದ ಬೇರೆ ಲೇಪನ ಕೊಳ್ಳಿ. ವಿಮಾನದಲ್ಲಿ ಕೈಚೀಲದಲ್ಲಿಡುವುದಾದರೆ 100 ಮಿ.ಲೀ. ಮೀರದ ಸೀಸೆಯನ್ನೇ ಆರಿಸಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲೇ ಕಚ್ಚುವುದರಿಂದ ಬೆಳಗಿನ ಉಪಾಹಾರಕ್ಕೆ ಮೊದಲೇ ಹಚ್ಚಿಕೊಳ್ಳಿ, ಸಮುದ್ರದಲ್ಲಿ ಮಿಂದು ಬಂದ ಮೇಲೆ ಮತ್ತೊಮ್ಮೆ ಹಚ್ಚಿಕೊಳ್ಳಿ.